ಇಸ್ಪೀಟಿನ ರಜೆ

ಮೇ ೯, ಶನಿವಾರ. ಬೇಲೇಕೇರಿ

ಇಂದೂ ಇವರು ಕಡಲಿಗೆ ಹೋಗಲಿಲ್ಲ.

ಬೆಳಗಿನ ಚಹಾದ ಹೊತ್ತಿಗೆ ಹೊನ್ನ ಬಂದು ಅಂಗಳದಲ್ಲಿ ನಿಂತು ಕೆಮ್ಮಿದ. ಅವನು ಕರೆಯುವುದೇ ಹಾಗೆ. ಇವರು ಒಳಗಿನಿಂದಲೇ ಭುಜ ನೋವು ಎಂದರು. ಹೊನ್ನ ಇನ್ನೊಂದು ಸಲ ಕೆಮ್ಮಿ, ಇವರ ಬದಲಿಗೆ ಕುಪ್ಪನನ್ನು ಕರೆದುಕೊಂಡು ಹೋದ. ಮೀನಿಗೆ ಹೋಗುವ ಫೈಬರ್ ದೋಣಿಯಲ್ಲಿ ಹೊನ್ನನಿಗೂ ಇವರಿಗೂ ಅರ್ಧರ್ಧ ಪಾಲು. ಶಿವರಾತ್ರಿಯ ಮರುದಿನ ಬೆಳಕು ಹರಿಯುವ ಮುಂಚೆ, ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ, ತೆರೆ ಹೊಡೆದು ಅದು ಮಗುಚಿತು. ಇಬ್ಬರೂ ಬಿದ್ದರು, ಇಬ್ಬರೂ ಎದ್ದು ಬಂದರು. ಹೊನ್ನ ಮರುವಾರವೇ ಬಲೆ ತೆಗೆದುಕೊಂಡು ಹೊರಟ. ಇವರಿಗೆ ಮಾತ್ರ ಅಂದಿನಿಂದ ಭುಜ. ಕಾರವಾರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಎಲುಬಿಗೆ ಏನೂ ಆಗಿಲ್ಲವಂತೆ.

ಶಾಲೆ ನಡೆಯುತ್ತಿದ್ದಾಗ ನನಗೆ ಇದು ಅಷ್ಟು ತಟ್ಟಿರಲಿಲ್ಲ. ಈಗ ಬೇಸಿಗೆ ರಜೆ. ಮನೆಯಲ್ಲಿ ನಾನು ಎಲ್ಲಿದ್ದರೆ ಇವರು ಅಲ್ಲಿ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಬೇರೆ ಜಾಗದಲ್ಲಿ ಇಟ್ಟಿದ್ದಾರೆ, ಜೀರಿಗೆ ಹುಡುಕಲು ಅರ್ಧ ಬೆಳಗು ಹೋಯಿತು. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ಪೂರ್ತಿ ಹಾಕುವುದಿಲ್ಲ. ಮನೆಯಲ್ಲಿ ಬೆಳೆದ ಮಗಳಿದ್ದಾಳೆ. ಅವಳೇ ಮೊನ್ನೆ ಅಪ್ಪನಿಗೆ ಸ್ವಲ್ಪ ಹೇಳು ಎಂದಳು. ಹೇಳಿದೆ. ಹೂಂ ಅಂದರು. ಇಂದೂ ಬಾಗಿಲು ಹಾಗೇ ಇತ್ತು.

ನನಗೊಂದು ಕಡೆ ಹೋಗಬೇಕು. ಯಾರೂ ಹಿಂದೆ ಬರದ ಕಡೆ.

ಮೇ ೧೧, ಸೋಮವಾರ

ನಿನ್ನೆ ಕಾರವಾರದ ಹತ್ತಿರದ ಕಿನ್ನರದಲ್ಲಿ ಅಮಿತನ ಮನೆಯಲ್ಲಿ ಆಟ. ಕೈಗಾದಲ್ಲಿ ಕೆಲಸ ಮಾಡುವ ಅಮಿತ, ಅವನ ಹೆಂಡತಿ ನಾಗಶ್ರೀ, ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುವ ಭವ್ಯಾ, ಗಣಿತದ ನಾನು. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಪೋಕರ್ ಕಳೆದ ವರ್ಷ ಸರ್ಕಾರ ಬಂದ್ ಮಾಡಿದ ಮೇಲೆ ನಮಗೆ ಉಳಿದದ್ದು ಭಾನುವಾರ ಮತ್ತು ದುಡ್ಡಿನ ಬದಲಿಗೆ ಹುಣಸೆ ಬೀಜ. ನಿನ್ನೆ ಎಲ್ಲರ ಬೀಜವೂ ನನ್ನ ಮುಂದೆ ಬಂತು. ಟೀಚರ್ ಎದುರು ಕುಳಿತರೆ ಪರೀಕ್ಷೆಗೆ ಕುಳಿತ ಹಾಗಾಗುತ್ತದೆ ಎಂದು ಅಮಿತ ಗೊಣಗಿದ. ಎಲೆ ಎಲ್ಲರಿಗೂ ಬರುತ್ತದೆ. ಎದುರಿನವನ ಮುಖ ಓದಬೇಕು, ಅದೇ ಆಟ. ಹೋಮ್‌ವರ್ಕ್ ಮನೆಯಲ್ಲಿ ಬಿಟ್ಟು ಬಂದೆ ಎನ್ನುವ ಮಕ್ಕಳ ಮುಖ ಓದಿ ಓದಿ ನನಗೆ ಆ ವಿದ್ಯೆ ಬಂದಿದೆ.

ಪಣಜಿಯ ಒಂದು ಕ್ಯಾಸಿನೋದಲ್ಲಿ ಈ ಶುಕ್ರವಾರ, ಶನಿವಾರ ಹವ್ಯಾಸಿಗಳಿಗಾಗಿ ಪೋಕರ್ ಪಂದ್ಯ ಇದೆಯೆಂದು ಅಮಿತನೇ ಹೇಳಿದ. ಒಮ್ಮೆ ಪ್ರವೇಶ ಶುಲ್ಕ ಕಟ್ಟಿದರೆ ಮುಗಿಯಿತು, ಮೇಲೆ ದುಡ್ಡು ಸುರಿಯುವಂತಿಲ್ಲ. ಟ್ಯೂಷನ್ ಹಣ ನನ್ನದೇ ಇದೆ. ಭವ್ಯಾ ಜೊತೆಗೆ ಬರುತ್ತೇನೆ ಎಂದಳು. ಮನೆಗೆ ಬಂದವಳು ಹಾರಾಡುತ್ತಲೇ ಅಕ್ಕಿ ತೊಳೆದೆ.

ಇಂದು ಭವ್ಯಾಳ ಫೋನ್. ತಾಯಿಯ ಕಣ್ಣಿನ ಆಪರೇಷನ್ ಅದೇ ಶುಕ್ರವಾರವಂತೆ. ಫೋನ್ ಇಟ್ಟು ತಿರುಗಿದರೆ ಇವರು ಬಾಗಿಲಲ್ಲಿ.

"ನಾ ಬತ್ತೆ," ಎಂದರು.

ಇಸ್ಪೀಟು ಮುಟ್ಟದ ಮನುಷ್ಯ. ಚೌತಿಯ ರಾತ್ರಿ ಕೇರಿಗೆ ಕೇರಿಯೇ ಆಡುತ್ತ ಕುಳಿತರೂ ಇವರು ಚಾಪೆ ಎಳೆದುಕೊಂಡು ಮಲಗುವವರು. ಅಲ್ಲಿ ಬಂದು ಎಂತ ಮಾಡುತ್ತೀರಿ ಎಂದು ಕೇಳಿದೆ. ಪಣಜಿ ನೋಡಿ ಬಹಳ ವರ್ಷ ಆಯಿತು ಎಂದರು. ಭುಜ ನೋವಿಗೆ ಬಸ್ಸಿನ ಕುಲುಕಾಟ ಆಗುತ್ತದಾ ಎಂದೆ. ಆಗುತ್ತದೆ ಎಂದರು.

ಅತ್ತೆಗೆ ಗೋವಾದ ಮಂಗೇಶಿ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಎಂದು ಹೇಳಿದೆವು. ಅತ್ತೆ ಅಂಕೋಲಾ ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವವರು. ಅಲ್ಲಿ ಕಾಶಿಬಾಯಿ ಎಂದರೆ ಗಿರಾಕಿಗಳಿಗೂ ಸ್ವಲ್ಪ ಭಯ. ಹಳಸಿದ ಬಂಗಡೆಯನ್ನೂ ಸುಳ್ಳನ್ನೂ ದೂರದಿಂದಲೇ ಹಿಡಿಯುತ್ತಾರೆ. ಪ್ರಸಾದ ಮರೆಯಬೇಡಿ ಎಂದಷ್ಟೇ ಹೇಳಿದರು.

ಮೇ ೧೪, ಗುರುವಾರ

ಒಂದೇ ಚೀಲದಲ್ಲಿ ಇಬ್ಬರ ಬಟ್ಟೆ ಹಿಡಿಸುವುದಿಲ್ಲ. ಇವರ ಎಣ್ಣೆ ಬಾಟಲಿಗೆ ಬೇರೆ ಪ್ಲಾಸ್ಟಿಕ್ ಚೀಲ ಬೇಕಂತೆ. ಇವರಿಲ್ಲದ ರಜೆ ಎಂದುಕೊಂಡಿದ್ದೆ.

ಮೇ ೧೫, ಶುಕ್ರವಾರ. ಪಣಜಿ

ಬೆಳಗಿನ ಬಸ್ಸಿಗೇ ಹೊರಟೆವು. ಕಿಟಕಿ ಸೀಟು ತಮಗೇ ಬೇಕೆಂದು ಹಟ ಮಾಡಿ ಕುಳಿತವರು, ಕಾರವಾರ ದಾಟಿ ಬಸ್ಸು ಕಾಳಿ ಸೇತುವೆ ಹತ್ತುತ್ತಲೇ ಎದ್ದು, ನನ್ನ ಮೊಣಕಾಲು ತುಳಿದು, ಕಂಡಕ್ಟರನ ಪಕ್ಕ ಹೋಗಿ ನಿಂತರು. ಸದಾಶಿವಗಡದ ದಡ ಬಂದ ಮೇಲೆ ಮರಳಿ ಬಂದು ಕಿಟಕಿ ಕೇಳಿದರು. ನಾನು ಬಿಟ್ಟುಕೊಡಲಿಲ್ಲ.

ಪಣಜಿಯಲ್ಲಿ ಒಂದು ಓಣಿಯ ಲಾಡ್ಜು. ಕೋಣೆ ಚೊಕ್ಕಟವಾಗಿದೆ. ಊಟ ಮಾಡಿ ಬೋಟು ಹತ್ತುವ ಧಕ್ಕೆಗೆ ಹೋದೆವು. ಕ್ಯಾಸಿನೋ ಇರುವುದು ಮಾಂಡವಿ ಹೊಳೆಯ ನಡುವೆ, ಲಂಗರು ಹಾಕಿದ ಹಡಗಿನಲ್ಲಿ. ಸಣ್ಣ ಬೋಟಿನಲ್ಲಿ ಜನರನ್ನು ಕರೆದೊಯ್ಯುತ್ತಾರೆ. ಪಂದ್ಯದವರ ಜೊತೆಗೆ ಬಂದ ಒಬ್ಬರಿಗೂ ಪಾಸು, ಊಟ, ಹಾಡು, ಕುಣಿತ ಎಲ್ಲಾ ಇತ್ತು. ಇವರು ಬೋಟಿನ ಹಲಗೆಯವರೆಗೆ ಬಂದರು. ಒಂದು ಕಾಲು ಇಟ್ಟರು. ತೆಗೆದರು. ಡೀಸೆಲ್ ವಾಸನೆ ತಲೆಗೆ ಹತ್ತುತ್ತದೆ, ನೀ ಹೋಗು ಎಂದರು. ಹುಟ್ಟಿದಾಗಿನಿಂದ ಡೀಸೆಲ್ ವಾಸನೆಯಲ್ಲೇ ಬೆಳೆದ ಮನುಷ್ಯ. ಹಿಂದೆ ಸರತಿಯಲ್ಲಿ ನಿಂತವರು ತಳ್ಳುತ್ತಿದ್ದರು. ನಾನು ಹತ್ತಿಬಿಟ್ಟೆ.

ಮೇಜಿನಲ್ಲಿ ನನ್ನ ಪಕ್ಕ ಬೆಳಗಾವಿಯ ಟೈಲ್ಸ್ ವ್ಯಾಪಾರಿ. ಎಲೆ ಹಂಚುವ ಮುಂಚೆಯೇ ನನಗೆ ಆಟ ಕಲಿಸಲು ಶುರು ಮಾಡಿದ. ಇದು ರಮ್ಮಿ ಅಲ್ಲ ಬಾಯಿಯವರೇ, ಇಲ್ಲಿ ಇಷ್ಟು ಹೊತ್ತು ಯೋಚನೆ ಮಾಡಬಾರದು, ಇಂಥ ಎಲೆಗೆ ಬಿಟ್ಟುಬಿಡಬೇಕು. ಎದುರಿನ ಕನ್ನಡಕದ ಹುಡುಗ ನಾನು ಮಾತಾಡುವಾಗಲೆಲ್ಲ ಎಲೆ ಹಂಚುವ ಡೀಲರ್ ಹುಡುಗಿಯ ಕಡೆ ನೋಡುತ್ತಿದ್ದ, ಅವಳು ನನ್ನ ಮಾತನ್ನು ಅನುವಾದ ಮಾಡಲಿ ಎನ್ನುವಂತೆ. ನಾನು ಬಾಯಿ ಮುಚ್ಚಿಕೊಂಡು ಆಡಿದೆ. ಸಂಜೆ ಆಟ ನಿಲ್ಲಿಸಿದಾಗ ಮೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಚಿಪ್ಸು, ಅಂದರೆ ಪಣಕ್ಕಿಡುವ ಬಿಲ್ಲೆ, ನನ್ನ ಮುಂದಿತ್ತು. ನಾಳೆಗೆ ಅರ್ಧಕ್ಕರ್ಧ ಜನ ಉಳಿದಿದ್ದಾರೆ, ನಾನೂ ಒಬ್ಬಳು.

ಈ ಸುದ್ದಿ ಹೇಳಲು ಓಡಿ ಬಂದರೆ, ಇವರು ಧಕ್ಕೆಯ ಎದುರಿನ ಕಲ್ಲು ಬೆಂಚಿನಲ್ಲಿ, ನಾನು ಬಿಟ್ಟುಹೋದ ಜಾಗದಲ್ಲೇ ಕುಳಿತಿದ್ದರು. ಬಿಸಿಲಿಗೆ ಮುಖದ ಒಂದು ಮಗ್ಗುಲು ಕೆಂಪಾಗಿತ್ತು. ಪೇಟೆ ನೋಡಲಿಲ್ಲವಾ ಎಂದರೆ ಇಲ್ಲ, ಚಹಾ ಕುಡಿದಿರಾ ಎಂದರೆ ಇಲ್ಲ. ನಾನು ಗೆದ್ದ ಕತೆ ಹೇಳುತ್ತಿದ್ದರೆ ಇವರು ನನ್ನ ತಲೆಯ ಮೇಲಿಂದ ಆ ಬೋಟನ್ನೇ ನೋಡುತ್ತಿದ್ದರು. ಅದು ಹೋಗುವುದು, ಬರುವುದು. ಕತೆಯನ್ನು ಅರ್ಧಕ್ಕೇ ಬಿಟ್ಟೆ.

ನಾಳೆ ಹಡಗಿಗೆ ಬರಲೇಬೇಕು ಎಂದು ಹೇಳಿದ್ದೇನೆ. ಜೊತೆಗೆ ಬಂದು ಬೀದಿ ಬೆಂಚಿನಲ್ಲಿ ಕೂರುವುದಾದರೆ ಮನೆಯಲ್ಲೇ ಕೂರಬಹುದಿತ್ತು. ಸ್ವಲ್ಪ ಜೋರಾಗಿಯೇ ಹೇಳಿದೆ.

ಮೇ ೧೬, ಶನಿವಾರ. ಪಣಜಿ

ನನಗೆ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ, ಅದೇ ದೊಡ್ಡ ತೊಂದರೆ. ಇವರು ಈಚೆ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಾನು ಕಿಟಕಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಇವರು ಮಾತಿಲ್ಲದೆ ಬೋಟು ಹತ್ತಿದರು. ಬೋಟಿನವರು ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಜನ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಫೋಟೋ ತೆಗೆಯುತ್ತಿದ್ದರು. ಇವರೊಬ್ಬರೇ ಹಾಕಿಕೊಂಡು, ಪಟ್ಟಿ ಎಳೆದು, ಗಂಟು ಬಿಗಿದು, ಬೋಟಿನ ನಡುಮಧ್ಯದ ಹಲಗೆಯಲ್ಲಿ ಕುಳಿತರು. ಇಷ್ಟಗಲದ ಹೊಳೆ. ಆಚೆ ದಡದ ಅಂಗಡಿಯ ಬೋರ್ಡು ಓದಬಹುದು. ನನ್ನನ್ನು ನಾಲ್ಕು ಜನರ ಎದುರು ಸಣ್ಣವಳನ್ನಾಗಿ ಮಾಡಲೆಂದೇ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ನಿನ್ನೆ ಜೋರು ಮಾಡಿದ್ದಕ್ಕೆ ಸೇಡು ಎಂದುಕೊಂಡೆ. ಹಡಗಿನಲ್ಲಿ ಇಳಿದಾಗ ಜಾಕೆಟ್ ವಾಪಸು ಕೇಳಿದರು. ಇವರು ಕೇಳಿಸದವರಂತೆ ಮುಂದೆ ಹೋದರು. ನನಗೆ ಆಟಕ್ಕೆ ಹೊತ್ತಾಗುತ್ತಿತ್ತು. ಊಟದ ಹಾಲ್ ತೋರಿಸಿ ನಾನು ನನ್ನ ಮೇಜಿಗೆ ಹೋದೆ.

ಎಷ್ಟು ಚೆನ್ನಾಗಿ ಆಡುತ್ತಿದ್ದೆ! ಬೆಳಗಾವಿಯವನು ಇಂದೂ ನನ್ನ ಪಕ್ಕದಲ್ಲೇ. ನನ್ನ ಕೈಯಲ್ಲಿ ರಾಣಿ ಜೋಡಿ ಇದ್ದಾಗ ಅವನು ತನ್ನ ಚಿಪ್ಸನ್ನೆಲ್ಲ ಒಮ್ಮೆಲೇ ಮುಂದಕ್ಕೆ ನೂಕಿದ. ನೂಕಿದವನು ಸುಮ್ಮನಾದ. ನಿನ್ನೆಯಿಂದ ಒಂದು ಗಳಿಗೆ ಬಾಯಿ ಮುಚ್ಚದವನು ಒಳ್ಳೆಯ ಎಲೆ ಇದ್ದರೆ ಸುಮ್ಮನಿರುವವನಲ್ಲ. ನಾನೂ ಅಷ್ಟೇ ಕಟ್ಟಿದೆ. ಅವನ ಹತ್ತಿರ ಒಂದು ಎಕ್ಕ ಬಿಟ್ಟರೆ ಏನೂ ಇರಲಿಲ್ಲ. ಎದ್ದು ಹೋಗುವಾಗ "ಬಾಯಿಯವರ ನಸೀಬು ಛಲೋ ಐತಿ" ಎಂದ. ಎರಡು ದಿನ ತಲೆ ಓಡಿಸಿದ್ದಕ್ಕೆ ನಸೀಬು!

ಎರಡು ಮೇಜಷ್ಟೇ ಉಳಿದಿತ್ತು. ಇನ್ನು ಮೂರ್ನಾಲ್ಕು ಜನ ಹೋದರೆ ಕೊನೆಯ ಮೇಜು. ಆಗ ಹಡಗಿನ ಸೆಕ್ಯುರಿಟಿ ಹುಡುಗಿಯೊಬ್ಬಳು ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಕೊಂಕಣಿಯಲ್ಲಿ ಹೇಳಿದಳು. ನಿಮ್ಮ ಯಜಮಾನರು ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಜಾಕೆಟ್ ಬಿಚ್ಚುವುದಿಲ್ಲ ಎನ್ನುತ್ತಾರೆ, ಬಂದವರು ಹೆದರುತ್ತಿದ್ದಾರೆ. ಹಡಗು ಮುಳುಗುತ್ತಿದೆಯಾ ಎಂದು ಕನ್ನಡಕದ ಹುಡುಗ ಕೇಳಿದ. ಮೇಜೆಲ್ಲ ನಕ್ಕಿತು. ಡೀಲರ್ ಕೂಡ.

ನನ್ನ ಮೈಯೆಲ್ಲ ಉರಿಯಿತು. ಎದ್ದು ಹೋದೆ.

ಊಟದ ಹಾಲಿಗೂ ಕೆಳಗಿನ ಅಂತಸ್ತಿಗೂ ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ ಇವರು ಕುಳಿತಿದ್ದರು. ಎರಡೂ ಕೈ ಕಂಬಿಯನ್ನು ಸುತ್ತಿ ಹಿಡಿದಿದ್ದವು. ಅಷ್ಟು ಎ.ಸಿ. ಇದ್ದರೂ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ನಾನು ಅವನ ಮುಂದೆ ಹೋಗಿ ನಿಂತು, ಹಲ್ಲು ಕಚ್ಚಿ ಇವರಿಗೆ ಹೇಳಿದೆ. "ಎಂತ ನಾಟಕ ಇದು? ಹೊಳೆ ಇದು. ಅಲ್ಲಿ ಕಾಣಿ, ದಡ."

ಇವರು ನನ್ನ ಮುಖ ನೋಡಲಿಲ್ಲ. "ಮ್ಯಾಲೆ ಯಾವ್ದು ಅಂತ ಗೊತ್ತಾಗ್ಲಿಲ್ಲ," ಎಂದರು.

ಮೇಲಿನ ಅಂತಸ್ತಿನ ಮಾತು ಎಂದುಕೊಂಡು, ಮೆಟ್ಟಿಲು ಅಲ್ಲೇ ಇದೆಯಲ್ಲ ಎಂದೆ.

"ಅವತ್ತು. ದೋಣಿ ಅಡಿಗೆ. ಕಣ್ಣು ಬಿಟ್ರೂ ಕಪ್ಪು. ಮ್ಯಾಲೆ ಬತ್ತೆ ಅಂತ ಈಜ್ದೆ, ಈಜ್ದೆ. ಕೈಗೆ ಹೊಯ್ಗೆ ಸಿಕ್ತು."

ಮೇಲಕ್ಕೆಂದು ಈಜಿದವರ ಕೈಗೆ ತಳದ ಮರಳು ಸಿಕ್ಕಿತ್ತು.

"ನಡೀಲಿಕ್ಕೆ ಬರುಕ್ಕಿಂತ ಮುಂಚೆ ಅಪ್ಪ ನೀರಿಗೆ ಬಿಟ್ಟವ ನಾ. ನಂಗೇ ಗೊತ್ತಾಗ್ಲಿಲ್ಲ, ಪ್ರಗತಿ."

ಅವರ ಪಕ್ಕದ ಮೆಟ್ಟಿಲಲ್ಲಿ ಕುಳಿತೆ. ಭುಜ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಭುಜಕ್ಕೆ ಎಂದೂ ಏನೂ ಆಗಿರಲಿಲ್ಲ. ಈ ಮೂರು ತಿಂಗಳು ಆ ಭುಜಕ್ಕೆ ಎಣ್ಣೆ ತಿಕ್ಕಿದವಳು ನಾನು. ಹಾಗಿದ್ದ ಮೇಲೆ ಇಲ್ಲಿಗೆ ಯಾಕೆ ಬಂದಿರಿ ಎಂದೆ. ಮನೆಯಲ್ಲಿದ್ದರೆ ದಿನಾ ಬೆಳಗಾದರೆ ಹೊನ್ನ ಬಂದು ಕೆಮ್ಮುತ್ತಾನೆ, ಎರಡು ದಿನವಾದರೂ ಅದು ಕೇಳುವುದು ಬೇಡ ಎಂದು ಬಂದರಂತೆ. ಕ್ಯಾಸಿನೋ ಎಂದರೆ ನೆಲದ ಮೇಲಿನ ಕಟ್ಟಡ ಎಂದುಕೊಂಡಿದ್ದರಂತೆ. ಇದನ್ನು ಹೇಳುವಾಗ ಒಂದು ಚೂರು ನಕ್ಕರು. ನನಗೆ ನಗು ಬರಲಿಲ್ಲ.

ನೀ ಹೋಗು, ಆಟ ಆಡು, ನಾ ಇಲ್ಲೇ ಇರ್ತೆ ಎಂದರು. ನಾನು ಹೋದೆ. ಹೌದು, ಹೋದೆ. ಅಷ್ಟು ಹತ್ತಿರ ಬಂದಿದ್ದೆ.

ಮೇಜಿನಲ್ಲಿ ನನ್ನ ಚಿಪ್ಸು ಸ್ವಲ್ಪ ಕರಗಿತ್ತು. ಆಡಲಿ, ಆಡದಿರಲಿ, ಸರದಿ ಬಂದಾಗ ಇಷ್ಟು ಎಂದು ಕಟ್ಟಲೇಬೇಕು. ಎದ್ದು ಹೋದವರದ್ದು ಡೀಲರೇ ತೆಗೆದು ಕಟ್ಟುತ್ತಾಳೆ. ಎಲೆ ಬಂತು. ನೋಡಿದೆ, ಕೆಳಗಿಟ್ಟೆ. ಏನು ನೋಡಿದೆ ಎಂದು ಮರೆತು ಮತ್ತೆ ಎತ್ತಿ ನೋಡಿದೆ. ನಾನು ಎರಡನೇ ಸಲ ಎಲೆ ನೋಡುವವಳಲ್ಲ. ಹೀಗೆ ಮತ್ತೆ ಮತ್ತೆ ಆಯಿತು. ಕನ್ನಡಕದ ಹುಡುಗ ನನ್ನನ್ನೇ ನೋಡುತ್ತಿದ್ದ. ಈ ಆಟದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಎದ್ದೆ. ಬರುತ್ತೀರಾ ಮೇಡಂ ಎಂದು ಡೀಲರ್ ಕೇಳಿದಳು. ಗೊತ್ತಿಲ್ಲ ಎಂದೆ.

ಇವರನ್ನು ಎಬ್ಬಿಸಿ ಬೋಟಿನ ಬಾಗಿಲಿಗೆ ಕರೆತಂದೆ. ಬೋಟಿನವನ ಹತ್ತಿರ ನನಗೂ ಒಂದು ಜಾಕೆಟ್ ಕೇಳಿ ಹಾಕಿಕೊಂಡೆ. ಯಾರ ಯಾರ ಬೆವರು ಕುಡಿದಿತ್ತೋ, ಆ ವಾಸನೆ ಸೋಪು ಹಾಕಿ ತಿಕ್ಕಿದರೂ ಇನ್ನೂ ಕುತ್ತಿಗೆಯಲ್ಲಿದೆ. ಬೋಟು ಬಿಟ್ಟಿತು. ಇವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದರು. ಹಡಗು ಬಿಟ್ಟೆವು ಎಂದೆ. ಅರ್ಧ ಬಂತು ಎಂದೆ. ಈಗ ಧಕ್ಕೆಯ ದೀಪದ ಕಂಬ ಕಾಣುತ್ತದೆ ಎಂದೆ. ಎದುರು ಕುಳಿತ, ಹೊಸದಾಗಿ ಮದುವೆಯಾದ ಜೋಡಿ ನಮ್ಮನ್ನು ನೋಡಿ ನಗುತ್ತಿತ್ತು. ನಗಲಿ. ಬಳೆ ಒತ್ತಿದ ಗುರುತು ಇನ್ನೂ ಕೈಯಲ್ಲಿದೆ.

ಕೋಣೆಗೆ ಬಂದ ಮೇಲೆ ಮೊಬೈಲಿಗೆ ಸಂದೇಶ ಬಂತು. ಸರದಿಗೆ ಕಟ್ಟುತ್ತ ಕಟ್ಟುತ್ತ ನನ್ನ ಚಿಪ್ಸು ಮುಗಿದು ಹನ್ನೊಂದನೇ ಜಾಗ. ಕೊನೆಯ ಮೇಜಿಗೆ ಒಂಬತ್ತು ಜನ. ಕುಳಿತಿದ್ದರೆ, ಇನ್ನೊಂದೆರಡು ಸಲ ಸರಿಯಾಗಿ ಆಡಿದ್ದರೂ...

ಇವರಿಗೆ ಹೇಳಿಲ್ಲ.

ಮೇ ೧೭, ಭಾನುವಾರ. ಬೇಲೇಕೇರಿ

ಬಸ್ಸಿನಲ್ಲಿ ಜನವೋ ಜನ. ಮಡಗಾಂವ ಬಸ್ ಸ್ಟ್ಯಾಂಡಿನಲ್ಲಿ ಪೇಢೆ ಕೊಂಡೆವು, ಪ್ರಸಾದಕ್ಕೆಂದು. ಸದಾಶಿವಗಡ ಬರುತ್ತಲೇ ಇವರ ಕಾಲು ಅಲುಗಾಡಲು ಶುರುವಾಯಿತು. ಎದ್ದು ನಿಲ್ಲಲು ಜಾಗವಿರಲಿಲ್ಲ. ರಾಣಿ ಜೋಡಿಯ ಕತೆ ತೆಗೆದೆ. ಬೆಳಗಾವಿಯವನ ಹಾಗೆ ಮಾತಾಡಿ ತೋರಿಸಿದೆ. ಅವನ ಹತ್ತಿರ ಎಕ್ಕ ಇತ್ತಲ್ಲ, ಎಕ್ಕ ದೊಡ್ಡದಲ್ಲವಾ ಎಂದು ಇವರು ಕೇಳಿದರು. ಒಂಟಿ ಎಕ್ಕಕ್ಕಿಂತ ಜೋಡಿ ದೊಡ್ಡದು ಎಂದು ವಿವರಿಸುವಷ್ಟರಲ್ಲಿ ಸೇತುವೆ ದಾಟಿ ಕೋಡಿಬಾಗ ಬಂದಿತ್ತು.

ಅತ್ತೆ ಪೇಢೆ ಬಾಯಿಗೆ ಹಾಕಿಕೊಂಡು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ದೇವರು ಬಸ್ ಸ್ಟ್ಯಾಂಡಿಗೆ ಬಂದು ಕುಳಿತಿದ್ದಾನಾ ಎಂದು ಕೇಳಿದರು.

ಮೇ ೨೦, ಬುಧವಾರ

ಬೆಳಿಗ್ಗೆ ಕೆಮ್ಮು. ಭುಜ ನೋವು. ಕುಪ್ಪ.

ಈಗ ಈ ಸುಳ್ಳಿನಲ್ಲಿ ನಾನೂ ಪಾಲುದಾರಳು. ಮೊದಲು ಸಿಟ್ಟು ಮಾಡುವುದಾದರೂ ಸಲೀಸಿತ್ತು. ಕಾರವಾರದಲ್ಲಿ ಇಂಥ ಹೆದರಿಕೆಗೆಂದೇ ಡಾಕ್ಟರ್ ಇದ್ದಾರೆ, ಹೋಗಿ ಬರುವ ಎಂದೆ. ನನ್ನ ಹುಚ್ಚ ಮಾಡ್ತಿಯಾ ಎಂದರು. ಹಾಗಾದರೆ ಹೊನ್ನನಿಗಾದರೂ ಹೇಳಿ, ಅತ್ತೆಗಾದರೂ ಹೇಳಿ ಎಂದೆ.

"ಹೆದ್ರಿಕೆ ಅಂತ ಹೇಳಿ ಈ ಕೇರೀಲಿ ಹ್ಯಾಂಗೆ ತಿರ್ಗುದು? ನೀನೇ ಹೇಳು."

ಇವರ ಅಪ್ಪ, ಅಜ್ಜ, ಈ ಸಾಲಿನ ಪ್ರತಿ ಮನೆಯ ಗಂಡಸು ನೀರಿಗೆ ಹೋಗುವವನೇ. ತಟ್ಟೆ ಜೋರಾಗಿ ಇಟ್ಟು ಎದ್ದೆ. ಆಮೇಲೆ ಬಚ್ಚಲಿಗೆ ಒಂದು ದಪ್ಪ ಪರದೆ ಹೊಲಿದು ಹಾಕಿದೆ. ಇನ್ನು ಬಾಗಿಲು ತೆಗೆದೇ ಸ್ನಾನ ಮಾಡಲಿ, ಮಗಳ ತಕರಾರೂ ಇರುವುದಿಲ್ಲ.

ಮೇ ೨೪, ಭಾನುವಾರ

ಕಿನ್ನರಕ್ಕೆ ಆಟಕ್ಕೆ ಹೋದೆ. ಹೋದೊಡನೆ ಪಣಜಿಯ ಕತೆ ಹೇಳು ಎಂದು ಮೂವರೂ ಸುತ್ತ ಕುಳಿತರು. ಅಷ್ಟು ಚಿಪ್ಸು ಇಟ್ಟುಕೊಂಡು ಹನ್ನೊಂದನೇ ಜಾಗಕ್ಕೆ ಹೇಗೆ ಇಳಿದೆ ಎಂದು ಅಮಿತ ಬಿಡದೆ ಕೇಳಿದ. ಅವಸರ ಮಾಡಿದೆ, ಕೆಟ್ಟ ಎಲೆಗೆ ಎಲ್ಲವನ್ನೂ ನೂಕಿಬಿಟ್ಟೆ ಎಂದೆ. ಯಾವ ಎಲೆ ಎಂದ. ಬಾಯಿಗೆ ಬಂದದ್ದು ಹೇಳಿದೆ. ಅಯ್ಯೋ ಟೀಚರ್, ಆ ಎಲೆಗೆ ನಾನೂ ನೂಕುವುದಿಲ್ಲವಲ್ಲ ಎಂದು ನಾಗಶ್ರೀ ನಕ್ಕಳು. ಆಟ ಕಲಿತು ಇನ್ನೂ ಒಂದು ವರ್ಷವಾಗದ ನಾಗಶ್ರೀ! ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ ಸಂಜೆಯವರೆಗೆ ಅವರ ಬುದ್ಧಿವಾದ ಕೇಳಿದೆ. ಬೀಜವನ್ನೂ ಎಲ್ಲಾ ಸೋತೆ.

ಬರುವಾಗ ಬಸ್ಸು ಸಿಗುವುದು ತಡವಾಯಿತು. ಇವರು ಹೆದ್ದಾರಿಯ ತಿರುವಿನವರೆಗೆ ಬಂದು ನಿಂತಿದ್ದರು. ಯಾಕೆ ಬಂದಿರಿ, ನನಗೆ ದಾರಿ ಗೊತ್ತಿಲ್ಲವಾ ಎಂದೆ. ಚೀಲ ಕೊಟ್ಟೆ.

ಮೇ ೩೦, ಶನಿವಾರ

ಇಂದು ದೋಣಿ ಮೇಲಕ್ಕೆ ಎಳೆದರು. ದೊಡ್ಡ ಬೋಟುಗಳನ್ನು ಮಳೆಗಾಲದಲ್ಲಿ ಸರ್ಕಾರ ತಡೆಯುತ್ತದೆ, ನಮ್ಮಂಥ ಸಣ್ಣ ದೋಣಿಗಳನ್ನು ಕಡಲೇ ತಡೆಯುತ್ತದೆ. ಎರಡು ದಿನದಿಂದ ತೆರೆಯ ಬಣ್ಣ ಬದಲಾಗಿದೆ. ಕೇರಿಯವರೆಲ್ಲ ಹಗ್ಗ ಹಿಡಿದಿದ್ದರು. ನಾನು ಹೆಂಗಸರ ಜೊತೆ ಅವಲಕ್ಕಿ ಹಂಚಲು ಹೋಗಿದ್ದೆ.

ಇವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಒಣ ಮರಳಿನ ಮೇಲೆ ನಿಂತು ಹಗ್ಗ ಹಿಡಿದು ಎಳೆದರು. ಎರಡೂ ಭುಜ ಕೊಟ್ಟು ಎಳೆದರು. ನಾನು 'ಭುಜ' ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ, ನೋಡಲಿಲ್ಲ. ದೋಣಿ ತೆಂಗಿನ ಮರದ ಬುಡಕ್ಕೆ ಬಂದು ನಿಂತಾಗ ಹೊನ್ನ ಬೆವರು ಒರೆಸುತ್ತ, ಎಲ್ಲರೂ ಕೇಳುವಂತೆಯೇ ಹೇಳಿದ. ಭುಜ ಗುಣ ಆಯಿತಲ್ಲ, ಮಳೆ ಮುಗಿದ ಮೇಲೆ ನೀನೇ ಬಾ, ಕುಪ್ಪನಿಗೆ ಬೇರೆ ದೋಣಿ ನೋಡಿಕೊಳ್ಳಲು ಹೇಳುತ್ತೇನೆ. ಕುಪ್ಪ ಅಲ್ಲೇ ಹಗ್ಗ ಸುತ್ತುತ್ತಿದ್ದವನು ಕೈ ನಿಲ್ಲಿಸಿದ.

ಇವರು ಕುಪ್ಪನನ್ನು ನೋಡಿದರು. ಆಮೇಲೆ ಹೊನ್ನನನ್ನು.

"ಭುಜಕ್ಕೆ ಎಂತದೂ ಆಗ್ಲಿಲ್ಲ. ನಂಗೆ ನೀರಂದ್ರೆ ಹೆದ್ರಿಕೆ ಆಗ್ತದೆ ಹೊನ್ನ. ನಾ ಬರುದಿಲ್ಲ."

ಅವಲಕ್ಕಿ ಹಂಚುತ್ತಿದ್ದ ಕೈಗಳೆಲ್ಲ ನಿಂತವು. ಇಷ್ಟು ಜನರ ಎದುರು, ಇದನ್ನು, ಹೀಗೆ. ಮೊದಲೇ ನನಗೊಂದು ಮಾತು ಹೇಳಬಾರದಿತ್ತೇ? ನಾನು ಪಾತ್ರೆ ಕೆಳಗಿಟ್ಟು ಇವರ ಹತ್ತಿರ ಹೋಗಿ ನಿಂತೆ. ಯಾರಾದರೂ ನಕ್ಕರೆ ಏನು ಹೇಳಬೇಕೆಂದು ಬಾಯಲ್ಲಿ ಮಾತು ಜೋಡಿಸಿಕೊಂಡಿದ್ದೆ.

ಹೊನ್ನ ನಗಲಿಲ್ಲ. ಮರಳಿನಲ್ಲಿ ಕಾಲು ಒರೆಸಿದ.

"ನಂಗೂ ಹೆದ್ರಿಕೆನೇ," ಎಂದ. "ದಿನಾ. ಅಳಿವೆ ದಾಟೂತನ್ಕ ಉಸ್ರು ಬಿಡುದಿಲ್ಲ. ನಂಗೆ ಬ್ಯಾರೆ ಕೆಲ್ಸ ಬರುದಿಲ್ಲ, ಅದ್ಕೆ ಹೋಗುದು."

ಅತ್ತೆ ಅಷ್ಟು ಹೊತ್ತು ದೋಣಿಯ ನೆರಳಿನಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದವರು ಕೈ ಝಾಡಿಸಿ ಎದ್ದರು. ಮಗನ ಹತ್ತಿರ ಬಂದು ಅಂಗಿಗೆ ಅಂಟಿದ ಮರಳು ಕೊಡವಿದರು.

"ಇದ್ನ ಹೇಳೂಕೆ ಇಷ್ಟು ದಿನ ಬೇಕಾಯ್ತಾ? ಸೋಮವಾರದಿಂದ ನನ್ನ ಸಂಗ್ತಿಗೆ ಪ್ಯಾಟಿಗೆ ಬಾ. ನಂಗೂ ಬುಟ್ಟಿ ಎತ್ತೂಕೆ ಆಗುದಿಲ್ಲ."

ಗಂಡಸರ ಗುಂಪಿನಲ್ಲಿ ಯಾರೋ ಗುಸುಗುಸು ಮಾಡಿದರು. ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವುದು ನಮ್ಮಲ್ಲಿ ಹೆಂಗಸರ ಕೆಲಸ. ಇವರು ಹೂಂ ಎಂದರು. ಯಾವ ಹೂಂ ಎಂದು ನನಗೂ ಗೊತ್ತಾಗಲಿಲ್ಲ.

ಸಂಜೆ ಕಾರವಾರದ ಡಾಕ್ಟರ್ ಹತ್ತಿರ ಯಾವಾಗ ಹೋಗುವುದು ಎಂದು ತಾವಾಗಿಯೇ ಕೇಳಿದರು. ನಾನು ಇಷ್ಟು ಬೇಡಿಕೊಂಡಾಗ ಇಲ್ಲ. ಹೊನ್ನ ಒಂದು ಮಾತು ಹೇಳಿದ್ದಕ್ಕೆ ಹೌದು. ಇದಕ್ಕೆ ಎಂತ ಹೇಳುವುದು?

ಜೂನ್ ೧, ಸೋಮವಾರ

ಶಾಲೆ ಶುರು. ಬೆಳಿಗ್ಗೆಯಿಂದಲೇ ಮಳೆ. ಅಂಕೋಲಾದಲ್ಲಿ ಬಸ್ಸು ಇಳಿದು ಶಾಲೆಗೆ ಹೋಗಲು ನನಗೆ ಮೀನು ಪೇಟೆಯ ದಾರಿ ಸುತ್ತು. ಆದರೂ ಆ ಕಡೆ ಹೋದೆ, ಅತ್ತೆ ಛತ್ರಿ ಬಿಟ್ಟು ಹೋಗಿದ್ದರು.

ಇವರು ಅತ್ತೆಯ ಪಕ್ಕ ಗೋಣಿಚೀಲದ ಮೇಲೆ ಕುಳಿತಿದ್ದರು. ಮುಂದೆ ಒಣ ಬಂಗಡೆ, ಒಣ ಸೀಗಡಿ. ಸಾಲಿನಲ್ಲಿ ಉಳಿದವರೆಲ್ಲ ಹೆಂಗಸರು. ತಲೆ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ. ನಾನು ರಸ್ತೆಯ ಈಚೆ ಹೂವಿನ ಅಂಗಡಿಯ ತಗಡಿನ ಕೆಳಗೆ ನಿಂತೆ. ವ್ಯಾಪಾರ ಮಾಡುವ ಕ್ರಮವೇ ಗೊತ್ತಿಲ್ಲ ಇವರಿಗೆ. ಒಬ್ಬಳು ಕೊಸರು ಎಂದು ಕೈ ಚಾಚಿದಳು, ಇವರು ಎರಡು ಹಿಡಿ ಸೀಗಡಿ ಹಾಕಿದರು. ಅವಳು ಮತ್ತೆ ಚಾಚಿದಳು, ಮತ್ತೆ ಹಾಕಿದರು. ಅತ್ತೆ ಅವಳ ಚೀಲಕ್ಕೇ ಕೈ ಹಾಕಿ ಅರ್ಧ ವಾಪಸು ತೆಗೆದರು. ಪಕ್ಕದ ಬುಟ್ಟಿಯ ಸುಬ್ಬಿ ಜೋರಾಗಿ ಏನೋ ಬೈದಳು. ಇವರು ಅವಳಿಗೆ ತಿರುಗಿ ಏನೋ ಹೇಳಿದರು. ಮಳೆಯ ಸದ್ದಿಗೆ ನನಗೆ ಕೇಳಲಿಲ್ಲ. ಇಡೀ ಸಾಲು ನಕ್ಕಿತು, ಅತ್ತೆಯೂ. ಏನು ಹೇಳಿರಬಹುದು? ಮನೆಗೆ ಬಂದ ಮೇಲೆ ಕೇಳಿದರೆ ನೆನಪಿಲ್ಲ ಎನ್ನುತ್ತಾರೆ. ಇವರದ್ದು ಯಾವಾಗಲೂ ಹೀಗೆ.

ಮತ್ತೊಬ್ಬ ಗಿರಾಕಿ ಬಂದ. ಇವರು ಬಂಗಡೆ ಎಣಿಸಿದರು, ತಪ್ಪಿತು, ಮತ್ತೆ ಎಣಿಸಿದರು. ಹೂವಿನವಳು ಮಲ್ಲಿಗೆ ಬೇಕಾ ಟೀಚರ್ ಎಂದು ಎರಡು ಸಲ ಕೇಳಿದಳಂತೆ.

ಶಾಲೆಗೆ ಹೋಗುವಾಗ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗಿದ್ದರು. ಮೊದಲ ದಿನವೇ ಹೀಗಾದರೆ ಹೇಗೆ ಎಂದು ಮುಖ್ಯೋಪಾಧ್ಯಾಯರು ಗಡಿಯಾರ ತೋರಿಸಿದರು. ಅತ್ತೆಯ ಛತ್ರಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಬಸ್ಸು ತಡವಾಯಿತು ಸರ್ ಎಂದೆ.